ಶಾಲಾ ದೈಹಿಕ ಶಿಕ್ಷಣ: ಹೊಸರಿತ್ತಿ ಮತ್ತು ಹಾವೇರಿ ಸೀಮೆ

ಆಟ, ಕವಾಯತು, ವ್ಯಾಯಾಮ, ಮೈದುಡಿಮೆಗಳ ಮೂಲಕ ಮಕ್ಕಳ ದೇಹ, ಮನಸ್ಸು, ಕೂಡಿ ಬಾಳುವ ಗುಣಗಳನ್ನು ಬೆಳೆಸುವ ಶಾಲಾ ಕಲಿಕೆಗೆ ದೈಹಿಕ ಶಿಕ್ಷಣ ಎಂದು ಹೆಸರು. ವರದಾ ನದಿಯ ದಂಡೆಯ ಹೊಸರಿತ್ತಿ ಹಾಗೂ ಸುತ್ತಲಿನ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ತಾಲ್ಲೂಕುಗಳಲ್ಲಿ ಇದು ಒಂದೇ ಮೂಲದಿಂದ ಬಂದದ್ದಲ್ಲ. ಗರಡಿಮನೆಯಿಂದ ಒಂದಿಷ್ಟು, ಸ್ವಾತಂತ್ರ್ಯ ಚಳವಳಿಯಿಂದ ಬಹಳಷ್ಟು, ಸರ್ಕಾರದ ಪಠ್ಯಕ್ರಮದಿಂದ ಉಳಿದದ್ದು ಸೇರಿಕೊಂಡಿದೆ.

ಶಾಲೆಗಳಿಗಿಂತ ಹಳೆಯದು ಗರಡಿ. ಕೆಮ್ಮಣ್ಣಿನ ಕಣದಲ್ಲಿ ಬಸ್ಕಿ, ದಂಡ ಹೊಡೆದು, ಗುಂಡು ಎತ್ತಿ ಹುಡುಗರು ಪೈಲ್ವಾನರಾಗುತ್ತಿದ್ದರು. ಆದರೆ ಅದು ಕಸುವಿದ್ದವರ, ಅದರಲ್ಲೂ ಗಂಡುಮಕ್ಕಳ ಜಾಗ. ಬಡಕಲು ಹುಡುಗನಿಗೂ ಹೆಣ್ಣುಮಗುವಿಗೂ ಅಲ್ಲಿ ಎಡೆಯಿರಲಿಲ್ಲ. ಬ್ರಿಟಿಷರ ಕಾಲದ ಶಾಲೆಗಳು ತಂದ ಕವಾಯತಿನಲ್ಲಿ ಎಲ್ಲರಿಗೂ ಸಾಲಿನಲ್ಲಿ ಜಾಗ ಸಿಕ್ಕಿತು, ಆಟದ ಸಂತೋಷ ಮಾತ್ರ ಸಿಗಲಿಲ್ಲ. ಅದರ ಗುರಿ ಶಿಸ್ತು.

ಈ ಕವಾಯತಿಗೆ ಬೇರೆ ಅರ್ಥ ಕೊಟ್ಟವರು ಡಾ. ನಾ. ಸು. ಹರ್ಡೀಕರ್. 1923ರ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ರೂಪು ತಳೆದ ಹಿಂದುಸ್ತಾನಿ ಸೇವಾದಳವನ್ನು ಅವರು ಹುಬ್ಬಳ್ಳಿಯಿಂದ ಕಟ್ಟಿ ಬೆಳೆಸಿದರು. ಸ್ವಯಂಸೇವಕರ ದೈಹಿಕ ತರಬೇತಿಗೆ ಬಾಗಲಕೋಟೆಯಲ್ಲಿ ಕೇಂದ್ರ ತೆರೆಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಈ ದಳದವರು ದುಡಿದರು. ಉಮಾಬಾಯಿ ಕುಂದಾಪುರ ಅವರು ಸ್ವಯಂಸೇವಕಿಯರ ಪಡೆ ಕಟ್ಟಿದ್ದು ನಮ್ಮ ವಿಷಯಕ್ಕೆ ಇನ್ನೂ ಮುಖ್ಯ: ಮನೆಯಂಗಳ ದಾಟದ ಹೆಣ್ಣುಮಕ್ಕಳು ಬಯಲಿನಲ್ಲಿ ಸಾಲುಗಟ್ಟಿ ನಿಂತರು. 1932ರಲ್ಲಿ ಸರ್ಕಾರ ದಳವನ್ನು ನಿಷೇಧಿಸಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯೊಡನೆ ದಂಡಿಯವರೆಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲೇ ಗುಂಡಿಗೆ ಬಲಿಯಾದದ್ದು ಇದೇ ಕಾಲಘಟ್ಟದಲ್ಲಿ. ಮೈ ಗಟ್ಟಿಯಾಗದೆ ನಾಡು ಗಟ್ಟಿಯಾಗದು ಎಂಬುದು ಆ ಪೀಳಿಗೆಯ ನಂಬಿಕೆಯಾಗಿತ್ತು.

ಗಾಂಧೀಜಿಗೆ ಬಾಲ್ಯದಲ್ಲಿ ವ್ಯಾಯಾಮವೆಂದರೆ ಬೇಸರ. ರಾಜಕೋಟೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯ ಗಿಮಿ ಅವರು ಅದನ್ನು ಕಡ್ಡಾಯ ಮಾಡಿದಾಗ ಅವರಿಗೆ ಹಿಡಿಸಲಿಲ್ಲ. ಬುದ್ಧಿಯ ಶಿಕ್ಷಣಕ್ಕೆ ಇರುವಷ್ಟೇ ಸ್ಥಾನ ದೇಹದ ಶಿಕ್ಷಣಕ್ಕೂ ಇರಬೇಕೆಂದು ಮುಂದೆ ಆತ್ಮಕಥೆಯಲ್ಲಿ ಬರೆದರು. 1937ರ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಕೈಕೆಲಸವೇ ಕಲಿಕೆಯ ನಡುಗಂಬವಾಯಿತು. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರಾದ ಹೊಸರಿತ್ತಿಯಲ್ಲಿ 1980ರ ದಶಕದಲ್ಲಿ ನೆಲೆಗೊಂಡ ಗಾಂಧಿ ಗ್ರಾಮೀಣ ಗುರುಕುಲ ಈ ಪರಂಪರೆಯ ವಸತಿ ಶಾಲೆ. ಖಾದಿ ತೊಟ್ಟ ಮಕ್ಕಳು ಪಾಠದ ಜೊತೆಗೆ ನೂಲುವುದು, ಕೃಷಿ, ಶ್ರಮದಾನಗಳನ್ನೂ ಕಲಿಯುತ್ತಾರೆ. ದುಡಿಮೆ ಆಟಕ್ಕೆ ಬದಲಿಯಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಹೊಲದ ಕೆಲಸ ಹಳ್ಳಿಯ ಮಗುವಿಗೆ ಹೊಸದೇನಲ್ಲ. ಬಿಡುವಾಗಿ ಓಡುವ, ಸೋತು ಮತ್ತೆ ಆಡುವ ಹೊತ್ತು ಸಿಗುವುದೇ ಅಪರೂಪ.

ಸ್ವಾತಂತ್ರ್ಯಕ್ಕೆ ಮೊದಲು ಈ ಭಾಗ ಧಾರವಾಡ ಜಿಲ್ಲೆಯೊಡನೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಕರ ತರಬೇತಿ ಸಂಸ್ಥೆ ತೆರೆಯಿತು. ಮರಾಠಿ ಸೀಮೆಯ ಲೇಜಿಮು, ಮಲ್ಲಕಂಬ, ಖೊಖೊ ಆಟಗಳು ಉತ್ತರ ಕರ್ನಾಟಕದ ಶಾಲೆಗಳಲ್ಲೂ ಬೇರೂರಿವೆ. ಖೊಖೊಗೆ ಬೇಕಾದದ್ದು ಎರಡು ಕಂಬ, ಸುಣ್ಣದ ಗೆರೆ, ಅಷ್ಟೇ. ಎಂಟು ಮಕ್ಕಳು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖಮಾಡಿ ಕುಕ್ಕರಿಸುತ್ತಾರೆ, ಒಂಬತ್ತನೆಯವನು ಅಟ್ಟುತ್ತಾನೆ. ಓಡುವವನು ಸಾಲಿನ ನಡುವೆ ನುಸುಳಬಹುದು, ಅಟ್ಟುವವನು ನುಸುಳುವಂತಿಲ್ಲ. ಹಿಡಿದ ದಿಕ್ಕನ್ನು ಕಂಬ ಮುಟ್ಟುವ ಮೊದಲು ಬದಲಿಸುವಂತೆಯೂ ಇಲ್ಲ. ಹಾಗಾಗಿ ಎದುರಾಳಿ ಕೈಗೆ ಸಿಗುವಂತಿದ್ದರೂ ಬೆನ್ನು ಮುಟ್ಟಿ ‘ಖೊ’ ಎಂದು ಇನ್ನೊಬ್ಬರಿಗೆ ಅವಕಾಶ ಬಿಟ್ಟುಕೊಡಬೇಕಾಗುತ್ತದೆ. ಕಣ್ಣು, ಕಾಲು, ಲೆಕ್ಕಾಚಾರ, ಗೆಳೆಯನ ಮೇಲಿನ ಭರವಸೆ ಎಲ್ಲವೂ ಒಂದೇ ಕ್ಷಣದಲ್ಲಿ ಕೆಲಸಕ್ಕೆ ಬರುತ್ತವೆ. ಓಟ, ಜಿಗಿತಗಳಿಂದ ಬೆಳೆಯುವ ವಯಸ್ಸಿನ ಮೂಳೆ ಗಟ್ಟಿಗೊಳ್ಳುತ್ತದೆ, ಹೃದಯ ಪಳಗುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರಿಳಿಸುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

1956ರ ಏಕೀಕರಣದ ನಂತರ ಮೈಸೂರು ರಾಜ್ಯದ, 1997ರಿಂದ ಹಾವೇರಿ ಜಿಲ್ಲೆಯ ಆಡಳಿತ ಬಂತು. ವಲಯ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳ ಏಣಿ ಹಳ್ಳಿಯ ಪ್ರತಿಭೆಗೆ ನಿಜವಾಗಿಯೂ ದಾರಿಯಾಗಿದೆ. ಆದರೆ ಕ್ರೀಡಾಕೂಟ ಹತ್ತಿರವಾದಾಗ ಪೀಟಿ ಮಾಸ್ತರರ ಗಮನವೆಲ್ಲ ಆಯ್ದ ಹತ್ತು ಹನ್ನೆರಡು ಮಕ್ಕಳ ಕಡೆ ಹರಿಯುತ್ತದೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಹತ್ತನೇ ತರಗತಿಯಲ್ಲಿ ಪಿ.ಇ. ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುವುದೂ ಉಂಟು. ಮೈನೆರೆದ ಹುಡುಗಿಯರು ಮೈದಾನದಿಂದ ದೂರ ಸರಿಯುವುದು ಇದಕ್ಕಿಂತ ದೊಡ್ಡ ನಷ್ಟ. ಬಟ್ಟೆ ಬದಲಿಸಲು ಕೋಣೆ, ನೀರಿರುವ ಶೌಚಾಲಯ, ಒಬ್ಬ ಶಿಕ್ಷಕಿ ಇದ್ದರೆ ಎಷ್ಟೋ ಮಂದಿ ಆಟದಲ್ಲೇ ಉಳಿಯುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದಿತು. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕಡ್ಡಾಯಗೊಳಿಸಿದ್ದು ಮಾತ್ರ 6ರಿಂದ 8ನೇ ತರಗತಿಗಳಲ್ಲಿ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ. ಸಣ್ಣ ಊರುಗಳ ಶಾಲೆಗಳು ಈ ಲೆಕ್ಕದ ಹೊರಗೇ ಉಳಿದವು. ಅಲ್ಲಿ ಮಕ್ಕಳಿಗೆ ಆಟ ಕಲಿಸುವ ಹೊಣೆ ತರಗತಿಯ ಶಿಕ್ಷಕರ ಮೇಲೆಯೇ ಬೀಳುತ್ತದೆ.