ಕೋಲು, ಅಂಗುಲ ಮತ್ತು ಆಯದ ಲೆಕ್ಕ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬಾವಿಯ ಆಳವನ್ನು ಹೇಳಲು ಹಿರಿಯರು ಬಳಸುವ ‘ಕೋಲು’ ಎಂಬ ಅಳತೆ, ಈ ಸೀಮೆಯ ಮನೆ ಮತ್ತು ದೇವಾಲಯಗಳ ನಿರ್ಮಾಣಕ್ಕೂ ಬಹುಕಾಲ ಮೂಲಮಾನವಾಗಿತ್ತು. ವಾಸ್ತುವಿನ ಲೆಕ್ಕದಲ್ಲಿ ಒಂದು ಕೋಲಿಗೆ 24 ಅಂಗುಲ. ಅಂಗುಲವನ್ನು 3 ಸೆಂಟಿಮೀಟರ್ ಎಂದು ಹಿಡಿದರೆ ಕೋಲು 72 ಸೆಂಟಿಮೀಟರ್ ಆಗುತ್ತದೆ. 24 ಎಂಬ ಸಂಖ್ಯೆಯನ್ನು 2, 3, 4, 6, 8, 12ರಿಂದ ಶೇಷವಿಲ್ಲದೆ ಭಾಗಿಸಬಹುದಾದ್ದರಿಂದ, ಕೋಲಿನ ಅರೆ, ಕಾಲು, ಮುಕ್ಕಾಲುಗಳಷ್ಟೇ ಅಲ್ಲದೆ ಮೂರನೆಯ ಒಂದು ಪಾಲೂ ಪೂರ್ಣ ಅಂಗುಲಗಳಲ್ಲಿಯೇ ಸಿಗುತ್ತದೆ.

ಈ ಮೂರನೆಯ ಪಾಲಿನ ಮಹತ್ವ ತಿಳಿಯುವುದು ಆಯದ ಲೆಕ್ಕದಲ್ಲಿ. ಕಟ್ಟಡದ ಸುತ್ತಳತೆಯಿಂದ ಅದರ ಶುಭಾಶುಭವನ್ನು ನಿರ್ಣಯಿಸುವ ಈ ಪದ್ಧತಿಯ ಸೂತ್ರಗಳು, 16ನೆಯ ಶತಮಾನದಲ್ಲಿ ಕೇರಳದ ತಿರುಮಂಗಲತ್ತು ನೀಲಕಂಠನು ಸಂಸ್ಕೃತದಲ್ಲಿ ರಚಿಸಿದ ‘ಮನುಷ್ಯಾಲಯ ಚಂದ್ರಿಕೆ’ಯಂತಹ ಗ್ರಂಥಗಳಲ್ಲಿವೆ. ಅವುಗಳಲ್ಲಿ ಮುಖ್ಯವಾದುದು ಯೋನಿ: ಸುತ್ತಳತೆಯ ಕೋಲುಗಳನ್ನು 3ರಿಂದ ಗುಣಿಸಿ 8ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಯೋನಿಸಂಖ್ಯೆ, 1, 3, 5, 7 ಕ್ರಮವಾಗಿ ಧ್ವಜ, ಸಿಂಹ, ವೃಷಭ, ಗಜ ಯೋನಿಗಳಾಗಿ ಗ್ರಾಹ್ಯ, ಸಮಸಂಖ್ಯೆಗಳು ವರ್ಜ್ಯ. 11 ಕೋಲಿಗೆ ಮೂರುಪಟ್ಟು 33, ಶೇಷ 1, ಆದ್ದರಿಂದ ಧ್ವಜ. 5 ಕೋಲು 16 ಅಂಗುಲಕ್ಕೂ ಫಲ ಅದೇ. ಐದೂ ಮೂರರಲ್ಲೆರಡು ಪಾಲು ಕೋಲನ್ನು ಮೂರರಿಂದ ಗುಣಿಸಿದಾಗ ಭಿನ್ನರಾಶಿ ಕರಗಿ 17 ಬರುತ್ತದೆ. ಅದನ್ನೇ ದಶಮಾಂಶದಲ್ಲಿ 5.67 ಎಂದು ದುಂಡಾಗಿಸಿದರೆ ಗುಣಲಬ್ಧ 17.01 ಆಗಿ, ಶೇಷ ಕೆಡುತ್ತದೆ.

ಸುತ್ತಳತೆ ಹೀಗೆ ನಿಶ್ಚಿತವಾದ ಮೇಲೆ ಉದ್ದ ಮತ್ತು ಅಗಲ ಪರಸ್ಪರ ಬಂಧಿತವಾಗುತ್ತವೆ. 11 ಕೋಲಿನ ಕೋಣೆಯ ಉದ್ದ 3 ಕೋಲು 6 ಅಂಗುಲವಾದರೆ ಅಗಲ 2 ಕೋಲು 6 ಅಂಗುಲ. ಉದ್ದವನ್ನು 6 ಅಂಗುಲ ಹೆಚ್ಚಿಸಿದರೆ ಅಗಲ ಅಷ್ಟೇ ಕುಗ್ಗಬೇಕು. ಒಂದು ಅಳತೆಯನ್ನು ಮತ್ತೊಂದರ ಸೂತ್ರವಾಗಿ ಕಾಣುವ ಈ ಕ್ರಮವನ್ನು ಗಣಿತದ ಸಾಧನೆಯೆಂದೇ ಗೌರವಿಸಬೇಕು. ಶುಭಾಶುಭದ ನಂಬಿಕೆಯನ್ನು ಒಪ್ಪದವರಿಗೂ ಅದರ ಜಾಣ್ಮೆ ಕಾಣದಿರದು. ಭಿನ್ನರಾಶಿಗಳ ಗಣಿತವಂತೂ ಕನ್ನಡನಾಡಿಗೆ ಇನ್ನೂ ಹಳೆಯದು: ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅದಕ್ಕೆ ‘ಕಲಾಸವರ್ಣ’ವೆಂಬ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು.

ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಸೀಮೆಗೆ ಬ್ರಿಟಿಷರ ಆಡಳಿತದಲ್ಲಿ ಅಡಿ ಮತ್ತು ಇಂಚು ಬಂದವು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಮೆಟ್ರಿಕ್ ಅಳತೆಗಳ ಕಾಯಿದೆಯೂ ಆಯಿತು. ಆದರೂ ಮರದ ವ್ಯಾಪಾರದಲ್ಲಿ ಘನ ಅಡಿ ಉಳಿಯಿತು, ಆಚಾರಿಯ ಟೇಪಿನಲ್ಲಿ ಇಂಚಿನ ಅರೆ, ಕಾಲು, ಅರೆಕಾಲುಗಳು ಉಳಿದವು.

ಒಂದು ಅಳತೆಯನ್ನು ಮತ್ತೊಂದರ ಸೂತ್ರವಾಗಿ ಕಾಣುವ ಕ್ರಮ ಇಂದು ಗಣಕಯಂತ್ರದ ನಕ್ಷೆಗಳಲ್ಲೂ ಇದೆ. ಅಳತೆಗಳ ನಡುವಣ ಇಂತಹ ಬಂಧಗಳನ್ನು ಇವಾನ್ ಸದರ್ಲ್ಯಾಂಡ್ 1963ರ ‘ಸ್ಕೆಚ್‌ಪ್ಯಾಡ್’ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ ತೋರಿಸಿದರು. 1982ರಲ್ಲಿ ಹೊರಬಂದ ನಕ್ಷೆಯ ತಂತ್ರಾಂಶ ಆಟೋಕ್ಯಾಡ್ ಇಂಚಿನ ಭಿನ್ನರಾಶಿಗಳನ್ನು ಹಾಗೆಯೇ ಸ್ವೀಕರಿಸುತ್ತದೆ; ಅದರ 2010ರ ಆವೃತ್ತಿಯಲ್ಲಿ ಅಳತೆಗೆ ಹೆಸರಿಟ್ಟು ಸೂತ್ರ ಬರೆಯುವ ಸೌಲಭ್ಯ ಸೇರಿತು. ಉಚಿತವಾಗಿ ದೊರೆಯುವ ಫ್ರೀಕ್ಯಾಡ್‌ನಲ್ಲಿ ಶೇಷ ಕಂಡುಹಿಡಿಯುವ ಕ್ರಿಯೆಯೂ ಇರುವುದರಿಂದ ಯೋನಿಯ ಲೆಕ್ಕವನ್ನು ನಕ್ಷೆಯೊಳಗೇ ಬರೆಯಬಹುದು. ಪುತ್ತೂರು, ಸುಳ್ಯಗಳ ಎಂಜಿನಿಯರಿಂಗ್ ಕಾಲೇಜುಗಳು ಊರಿನ ಶಿಲ್ಪಿಗಳನ್ನೂ ಆಚಾರಿಗಳನ್ನೂ ಜೊತೆಗೆ ಕೂರಿಸಿಕೊಂಡು, ಕೋಲು ಅಂಗುಲಗಳ ಈ ಸೂತ್ರಗಳನ್ನು ದಶಮಾಂಶಕ್ಕೆ ದುಂಡಾಗಿಸದೆ ದಾಖಲಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.