ಬೆಳಗಾವಿ–ಖಾನಾಪುರದ ಹುಲ್ಲುನೆಲಗಳ ಸಸ್ಯಗಳು ಮತ್ತು ಪರಾಗವಾಹಕಗಳು: ದಾಖಲೆಗಳ ಒಂದು ಪರಿಶೀಲನೆ

ಬೆಳಗಾವಿಯಿಂದ ಜಾಂಬೋಟಿಯ ಮಾರ್ಗವಾಗಿ, ಮಲಪ್ರಭೆಯ ಉಗಮಸ್ಥಾನವಾದ ಖಾನಾಪುರ ತಾಲೂಕಿನ ಕಣಕುಂಬಿಯ ಕಡೆಗೆ ಸಾಗುವಾಗ ಬಯಲುಸೀಮೆ ಹಿಂದುಳಿದು ಸಹ್ಯಾದ್ರಿಯ ಮಳೆಗಾಡು ಎದುರಾಗುತ್ತದೆ. ಇವೆರಡರ ನಡುವೆ ಜಂಬಿಟ್ಟಿಗೆ ಕಲ್ಲಿನ ಬೋಳು ಹಾಸುಗಳೂ ಹುಲ್ಲುನೆಲಗಳೂ ಇವೆ. ಬೇಸಗೆಯಲ್ಲಿ ನಿರ್ಜೀವವೆಂದು ತೋರುವ ಈ ನೆಲವು ಮಳೆಗಾಲದಲ್ಲಿ ಕರ್ಣಕುಂಡಲ ಮೊದಲಾದ ಅಲ್ಪಾಯುವಾದ ಗಿಡಗಳ ಹೂಗಳಿಂದ ತುಂಬುತ್ತದೆ. ಈ ಸಸ್ಯಗಳ ಅಧ್ಯಯನವು ಹೇಗೆ ನಡೆಯಿತು, ಅದರಲ್ಲಿ ಪರಾಗವನ್ನು ಸಾಗಿಸುವ ಕೀಟಗಳಿಗೆ ಯಾವ ಸ್ಥಾನ ದೊರೆಯಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಿದ್ದೇವೆ.

ಮುಂಬಯಿ ಪ್ರಾಂತದ ಸಸ್ಯಗಳ ಮೊದಲ ವ್ಯವಸ್ಥಿತ ಗ್ರಂಥವನ್ನು ಡಾಲ್ಜೆಲ್ ಮತ್ತು ಗಿಬ್ಸನ್ ಅವರು 1861ರಲ್ಲಿ ಪ್ರಕಟಿಸಿದರು. ಇಬ್ಬರೂ ಅರಣ್ಯಾಡಳಿತದಲ್ಲಿದ್ದವರು. 1901ರಿಂದ 1908ರವರೆಗೆ ಥಿಯೋಡೋರ್ ಕುಕ್ ಅವರ ಬೃಹದ್ಗ್ರಂಥವು ಕಂತುಗಳಲ್ಲಿ ಹೊರಬಂದಿತು. ಸಸ್ಯದ ಲಕ್ಷಣ, ದೊರೆತ ಸ್ಥಳ, ಸಂಗ್ರಹಿಸಿದವರ ಹೆಸರು, ಹೂಬಿಡುವ ತಿಂಗಳು, ದೇಶ್ಯನಾಮ ಇವನ್ನು ಕುಕ್ ಶ್ರದ್ಧೆಯಿಂದ ಕೊಡುತ್ತಾರೆ. ಬೆಳಗಾವಿಯ ಸಸ್ಯಗಳಿಗೆ ರಿಚಿ ಎಂಬ ಸಂಗ್ರಾಹಕರ ಹೆಸರು ಅಲ್ಲಿ ಹಲವೆಡೆ ಬರುತ್ತದೆ. ಆದರೆ ಹೂವಿಗೆ ಬಂದ ಕೀಟ ಯಾವುದೆಂಬುದಕ್ಕೆ ಆ ಕ್ರಮದಲ್ಲಿ ಸ್ಥಳವಿರಲಿಲ್ಲ. ಬಿಂಗ್‌ಹ್ಯಾಮ್ ಅವರು 1897ರಲ್ಲಿ ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುಗಳನ್ನು ವರ್ಣಿಸಿದ್ದು ಬೇರೊಂದು ಸಂಪುಟದಲ್ಲಿ. ಹೂವು ಒಂದು ಪುಸ್ತಕದಲ್ಲಿ, ಜೇನು ಇನ್ನೊಂದರಲ್ಲಿ ಉಳಿದವು.

ಇದು ಆ ಕಾಲದ ಅಜ್ಞಾನದ ಫಲವೆನ್ನಲಾಗದು. ಹೂವಿಗೂ ಕೀಟಕ್ಕೂ ಇರುವ ಸಂಬಂಧವನ್ನು ಜರ್ಮನಿಯ ಸ್ಪ್ರೆಂಗೆಲ್ 1793ರಲ್ಲಿಯೇ ವಿವರಿಸಿದ್ದರು. ಡಾಲ್ಜೆಲ್–ಗಿಬ್ಸನ್ನರ ಗ್ರಂಥ ಬಂದ ಮರುವರ್ಷವೇ ಡಾರ್ವಿನ್ನರ ಆರ್ಕಿಡ್ ಗ್ರಂಥ ಪ್ರಕಟವಾಯಿತು. ಕ್ಯಾಂಬೆಲ್ ಸಂಪಾದಿತ ಬೆಳಗಾವಿ ಗ್ಯಾಜೆಟಿಯರ್ ಹೊರಬಂದ 1884ರಲ್ಲಿಯೇ, ಅಮೆರಿಕದ ಪ್ರೇರಿ ಸೀಮೆಯಾದ ಇಲಿನಾಯ್‌ನಲ್ಲಿ ಚಾರ್ಲ್ಸ್ ರಾಬರ್ಟ್‌ಸನ್ ಅವರು ತಮ್ಮ ಊರಾದ ಕಾರ್ಲಿನ್‌ವಿಲ್ಲಿನ ಸುತ್ತ ಯಾವ ಹೂವಿಗೆ ಯಾವ ಕೀಟ ಬರುವುದೆಂದು ಬರೆದಿಡತೊಡಗಿದ್ದರು. ಆ ಬರಹದ ಆಧಾರದಿಂದಲೇ, 120 ವರ್ಷಗಳಲ್ಲಿ ಅಲ್ಲಿನ ಕಾಡುಗಿಡಗಳಿಗೆ ಬರುತ್ತಿದ್ದ ಜೇನುಜಾತಿಗಳಲ್ಲಿ ಅರ್ಧದಷ್ಟು ಕಣ್ಮರೆಯಾದುದನ್ನು ಸಂಶೋಧಕರು 2013ರಲ್ಲಿ ತೋರಿಸಿದರು. ಕುಕ್ ಅವರ ಗ್ರಂಥದಿಂದ ನಾವು ಅಂಥ ಲೆಕ್ಕವನ್ನು ಮಾಡಲಾರೆವು.

ಈ ಕೊರತೆಯೊಡನೆ ಇನ್ನೊಂದು ಸಂಗತಿ ಸೇರಿಕೊಂಡಿತು. ಅರಣ್ಯಾಡಳಿತವು ಮರವನ್ನು ಎಣಿಸಿತು. ಭೂಕಂದಾಯವು ಬೆಳೆಯನ್ನು ಎಣಿಸಿತು. ಎರಡೂ ಇಲ್ಲದ ನೆಲವು ಕಾಗದದಲ್ಲಿ ಪಡ, ಖರಾಬು, ಹೆಚ್ಚೆಂದರೆ ಗಾಯರಾಣವೆನಿಸಿತು. ಈ ದೃಷ್ಟಿ ಬ್ರಿಟಿಷರೊಡನೆ ಹೋಗಲಿಲ್ಲ. 2000ದಲ್ಲಿ ಪ್ರಕಟವಾದ ಭಾರತದ ಬಂಜರುಭೂಮಿಗಳ ನಕ್ಷಾಸಂಪುಟವೂ ಕುರುಚಲು ನೆಲವನ್ನು ಬಂಜರಿನಲ್ಲಿಯೇ ಸೇರಿಸಿತು. ಬಂಜರೆಂದು ಹೆಸರಾದ ನೆಲವನ್ನು ಅಗೆಯಲು, ಕಟ್ಟಡಕ್ಕೆ ಕೊಡಲು, ನೆಡುತೋಪು ಮಾಡಲು ಯಾರಿಗೂ ಸಂಕೋಚವಾಗುವುದಿಲ್ಲ.

ಆದರೆ ಈ ನೆಲದ ವ್ಯವಹಾರ ಸೂಕ್ಷ್ಮವಾದುದು. ಸೆರೊಪೆಜಿಯ ಕುಲದ ಬಳ್ಳಿಗಳ ಹೂವು ಕೊಳವೆಯ ಆಕಾರದ್ದು. ಒಳಹೊಕ್ಕ ಸಣ್ಣ ನೊಣವನ್ನು ಅದರ ರೋಮಗಳು ತಡೆದಿಡುತ್ತವೆ. ರೋಮಗಳು ಬಾಡಿದ ಮೇಲೆ ನೊಣವು ಪರಾಗವನ್ನು ಹೊತ್ತು ಹೊರಬೀಳುತ್ತದೆ. ಘಟ್ಟದ ಇಳಿಜಾರುಗಳ ಕಾರ್ವಿಯು ಸುಮಾರು ಏಳು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜಕಟ್ಟಿ ಸಾಯುತ್ತದೆ. ಆಗ ಜೇನುಗಳಿಗೆ ಸುಗ್ಗಿ. ಅಂಥ ಗಿಡಕ್ಕೆ ಒಂದು ಹೂಗಾಲ ತಪ್ಪಿದರೆ ಒಂದು ತಲೆಮಾರೇ ತಪ್ಪಿದಂತೆ.

ಈ ಪ್ರದೇಶದ ಸಸ್ಯಪಟ್ಟಿಯೂ ಮುಗಿದಿಲ್ಲ. ಬೆಳಗಾವಿಯ ಹೆಸರನ್ನೇ ಹೊತ್ತ ಕ್ಲೋರೊಫೈಟಮ್ ಬೆಳಗಾಮೆನ್ಸೆ ಎಂಬ ಜಾತಿಯು ವಿದ್ವಾಂಸರಿಗೆ ಪರಿಚಯವಾದುದು ಈ ಶತಮಾನದಲ್ಲಿಯೇ. ಖಾನಾಪುರದ ಭೀಮಗಡವು 2011ರಲ್ಲಿ ವನ್ಯಜೀವಿಧಾಮವಾಗಿ ಕಾಡಿಗೆ ರಕ್ಷಣೆ ದೊರೆಯಿತು. ಅದರ ಎಲ್ಲೆಯ ಹೊರಗಿನ ಹುಲ್ಲುನೆಲಕ್ಕೆ ಆ ರಕ್ಷಣೆಯಿಲ್ಲ.

ಇತಿಹಾಸದ ಅಭ್ಯಾಸಿಗಳಿಗೆ ಇಲ್ಲಿ ಎರಡು ಕೆಲಸಗಳಿವೆ. ಒಂದು, ಗ್ಯಾಜೆಟಿಯರ್, ಸಸ್ಯಗ್ರಂಥ, ಭೂಮಾಪನ ಪತ್ರಗಳನ್ನು ಒಟ್ಟಿಗಿರಿಸಿ ಓದುವುದು. ಇನ್ನೊಂದು, ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಬೇರೆಬೇರೆಯಾಗಿ ಗುರುತಿಸಿ, ಯಾವ ಹೂವಿನ ಕಾಲಕ್ಕೆ ಯಾವ ತುಪ್ಪ ದೊರೆಯುವುದೆಂದು ಬಲ್ಲ ಹಳ್ಳಿಗರ ಮಾತನ್ನು ತಿಂಗಳು, ಸ್ಥಳಗಳ ಸಹಿತ ಬರೆದಿಡುವುದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ಈ ಕೆಲಸವನ್ನು ಆರಂಭಿಸಬಲ್ಲರು. ಮುಂದಿನ ಶತಮಾನದ ಸಂಶೋಧಕನಿಗೆ ನಮ್ಮಿಂದ ದೊರೆಯಬೇಕಾದ ದಾಖಲೆ ಇದೇ ಆಗಿದೆ.