ವೈಯಾವೃತ್ತ್ಯದ ಅಳತೆಗೋಲು

ಜೈನ ಶಾಸ್ತ್ರಗಳು ತಪಸ್ಸನ್ನು ಬಾಹ್ಯ ಮತ್ತು ಆಭ್ಯಂತರ ಎಂದು ವಿಂಗಡಿಸಿವೆ. ಉಪವಾಸ, ರಸಪರಿತ್ಯಾಗ ಮೊದಲಾದವು ಬಾಹ್ಯ ತಪಗಳು. ಆಭ್ಯಂತರ ತಪಗಳಲ್ಲಿ ಪ್ರಾಯಶ್ಚಿತ್ತ, ವಿನಯಗಳ ನಂತರ ಮೂರನೆಯದಾಗಿ ಬರುವುದು ವೈಯಾವೃತ್ತ್ಯ. ಅದಕ್ಕೆ ಪಾತ್ರರಾಗುವ ಹತ್ತು ಬಗೆಯವರನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೆಸರಿಸುವಾಗ ಆಚಾರ್ಯ, ಉಪಾಧ್ಯಾಯರ ಸಾಲಿನಲ್ಲಿಯೇ 'ಗ್ಲಾನ'ನನ್ನೂ, ಅಂದರೆ ರೋಗದಿಂದ ಬಳಲಿದವನನ್ನೂ ಸೇರಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಗೃಹಸ್ಥರ ಶಿಕ್ಷಾವ್ರತಗಳಲ್ಲಿ ಒಂದಾಗಿ ಇರಿಸಿದರು. ನಿರ್ವಿಚಿಕಿತ್ಸಾ ಅಂಗಕ್ಕೆ ನಿದರ್ಶನನಾದ ಉದ್ದಾಯನ ರಾಜನ ಕಥೆಯನ್ನು ಅರಿಯದ ಶ್ರಾವಕರು ವಿರಳ. ರೋಗಿಯಾದ ಮುನಿಯ ವಾಂತಿಯನ್ನು ಅಸಹ್ಯಪಡದೆ ತೊಳೆದವನು ಆ ಅರಸ.

ಸೇವೆ ಪುಣ್ಯಕರವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ನಡೆದ ಸೇವೆ ಒಳ್ಳೆಯದೇ, ಸುರಕ್ಷಿತವೇ ಎಂದು ನಿರ್ಣಯಿಸುವುದು ಹೇಗೆ? ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ವೃದ್ಧ ತಂದೆತಾಯಿಗಳನ್ನು ಸಂಬಳದ ಆರೈಕೆದಾರರ ಕೈಗೆ ಒಪ್ಪಿಸುವ ಮನೆಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಇದು ಮುಖ್ಯ ಪ್ರಶ್ನೆ. 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಹತ್ತು ಕೋಟಿಯನ್ನು ದಾಟಿತ್ತು. ಈ ಪ್ರಶ್ನೆಗೆ ಇತಿಹಾಸದಲ್ಲಿ ದೊರೆತ ಉತ್ತರಗಳನ್ನು ಅವಲೋಕಿಸುವುದು ಉಪಯುಕ್ತ.

ನಿರ್ಯಾಪಕರ ವ್ಯವಸ್ಥೆ

ಶಿವಾರ್ಯರು ಪ್ರಾಕೃತದಲ್ಲಿ ರಚಿಸಿದ ಭಗವತೀ ಆರಾಧನಾ ಕನ್ನಡಿಗರಿಗೆ ಪರಕೀಯ ಗ್ರಂಥವಲ್ಲ. ನಮ್ಮ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಆ ಪರಂಪರೆಯ ಗಾಹೆಗಳನ್ನೇ ಆಧರಿಸಿ ಹೊರಟಿವೆ. ಸಲ್ಲೇಖನವನ್ನು ಕೈಗೊಂಡ ಕ್ಷಪಕನ ಪರಿಚರ್ಯೆಯನ್ನು ಆರಾಧನಾ ಗ್ರಂಥವು ಅಚ್ಚರಿಗೊಳಿಸುವ ವಿವರಗಳೊಂದಿಗೆ ವಿಧಿಸುತ್ತದೆ. ಪರಿಚಾರಕ ಮುನಿಗಳಿಗೆ ನಿರ್ಯಾಪಕರೆಂದು ಹೆಸರು. ಅವರ ಪೂರ್ಣ ಸಂಖ್ಯೆ 48. ನಾಲ್ವರಂತೆ ಕೆಲಸಗಳನ್ನು ಹಂಚಿಕೊಳ್ಳಬೇಕು. ಕ್ಷಪಕನನ್ನು ಏಳಿಸಿ, ಕೂರಿಸಿ, ಮಗ್ಗುಲು ಬದಲಿಸುವವರು ನಾಲ್ವರು. ಆಹಾರವನ್ನು ನೋಡಿಕೊಳ್ಳುವವರು ನಾಲ್ವರು. ಪಾನವನ್ನು ನೋಡಿಕೊಳ್ಳುವವರು ನಾಲ್ವರು. ಮಲಮೂತ್ರಾದಿಗಳನ್ನು ದೂರಮಾಡಿ ಸ್ಥಳವನ್ನು ಶುದ್ಧವಾಗಿಡುವವರು ನಾಲ್ವರು. ಬಾಗಿಲು ಕಾಯುವವರು, ರಾತ್ರಿ ಎಚ್ಚರವಿರುವವರು, ಧರ್ಮಕಥೆ ಹೇಳುವವರು ಬೇರೆ ಬೇರೆ.

ಅಷ್ಟು ಮಂದಿ ದೊರೆಯದ ಕಾಲದೇಶಗಳಲ್ಲಿ ಸಂಖ್ಯೆಯನ್ನು ಕ್ರಮವಾಗಿ ಇಳಿಸಲು ಗ್ರಂಥವು ಅನುಮತಿಸುತ್ತದೆ. ಆದರೆ ಎರಡಕ್ಕಿಂತ ಕೆಳಗೆ ಇಳಿಸಲು ಒಪ್ಪುವುದಿಲ್ಲ. ಒಬ್ಬನೇ ಪರಿಚಾರಕನಿದ್ದರೆ ಅವನು ತನ್ನ ಆಹಾರಕ್ಕೆ ಹೋದಾಗ ಕ್ಷಪಕನು ಅನಾಥನಾಗುತ್ತಾನೆ. ಹೋಗದೆ ಉಳಿದರೆ ಪರಿಚಾರಕನೇ ಕುಸಿಯುತ್ತಾನೆ. ಇಬ್ಬರ ಸಮಾಧಿಯೂ ಕೆಡುತ್ತದೆ. ಸೇವೆ ಪಡೆಯುವವನಷ್ಟೇ ಸೇವೆ ಮಾಡುವವನ ಶರೀರವೂ ರಕ್ಷಣೀಯವೆಂಬುದು ಇಲ್ಲಿನ ಮರ್ಮ.

ಸಂಖ್ಯೆಯಂತೆ ಅರ್ಹತೆಯನ್ನೂ ಹೇಳಿದೆ. ನಿರ್ಯಾಪಕನು ಧರ್ಮಪ್ರಿಯನೂ ದೃಢನೂ ಪಾಪಭೀರುವೂ ಧೀರನೂ ಆಗಿರಬೇಕು. ಮಾತಿಲ್ಲದೆಯೇ ಕ್ಷಪಕನ ಇಂಗಿತವನ್ನು ಅರಿಯಬೇಕು, ನಂಬಿಕೆಗೆ ಅರ್ಹನಾಗಿರಬೇಕು, ಯಾವುದು ಕಲ್ಪ್ಯ, ಯಾವುದು ಅಕಲ್ಪ್ಯ ಎಂಬುದನ್ನು ಬಲ್ಲವನಾಗಿರಬೇಕು. ಭಕ್ತಿಯೊಂದೇ ಸಾಲದು, ಕೌಶಲವೂ ಬೇಕೆಂಬುದು ಆಚಾರ್ಯರ ನಿಲುವು.

ಲಿವರ್‌ಪೂಲಿನ ವರ್ತಕ

ಇಂಗ್ಲೆಂಡಿನಲ್ಲಿ ಮನೆಮನೆಯ ಶುಶ್ರೂಷೆಗೆ ವ್ಯವಸ್ಥಿತ ರೂಪ ದೊರೆತುದು ಒಬ್ಬ ವರ್ತಕನಿಂದ. ಲಿವರ್‌ಪೂಲಿನ ವಿಲಿಯಂ ರ‍್ಯಾಥ್‌ಬೋನ್ 1859ರಲ್ಲಿ ಪತ್ನಿಯನ್ನು ಕಳೆದುಕೊಂಡನು. ಆಕೆಯ ಕೊನೆಯ ದಿನಗಳಲ್ಲಿ ಮೇರಿ ರಾಬಿನ್ಸನ್ ಎಂಬ ದಾದಿಯ ಶುಶ್ರೂಷೆ ಎಷ್ಟು ನೆಮ್ಮದಿ ನೀಡಿತೆಂಬುದನ್ನು ಕಂಡಿದ್ದ ಅವನು, ಬಡವರ ಮನೆಗಳಿಗೂ ಅದೇ ದೊರೆಯಲೆಂದು ಆಕೆಯನ್ನು ಮೂರು ತಿಂಗಳಿಗೆ ನೇಮಿಸಿದನು. ಅಲ್ಲಿನ ದುಃಸ್ಥಿತಿಯನ್ನು ಕಂಡು ಕಂಗೆಟ್ಟ ಆಕೆ ಮೊದಲ ತಿಂಗಳ ಕೊನೆಗೆ ಕೆಲಸ ಬಿಡಲು ಬಯಸಿದಳು. ಅವನ ಒತ್ತಾಯದಿಂದ ಮುಂದುವರಿದಾಗ ಸೇವೆಯ ಫಲ ಕಾಣತೊಡಗಿತು.

ಒಬ್ಬಳಿಂದ ಊರಿನ ಅಗತ್ಯ ತೀರದು. ತರಬೇತಾದ ದಾದಿಯರಂತೂ ಇರಲಿಲ್ಲ. ರ‍್ಯಾಥ್‌ಬೋನ್ ಫ್ಲಾರೆನ್ಸ್ ನೈಟಿಂಗೇಲಳ ಸಲಹೆ ಕೇಳಿದನು. ತರಬೇತಿ ಶಾಲೆಯನ್ನೇ ತೆರೆಯಬೇಕೆಂಬುದು ಆಕೆಯ ಉತ್ತರವಾಗಿತ್ತು. 1862ರಲ್ಲಿ ಲಿವರ್‌ಪೂಲಿನ ಆಸ್ಪತ್ರೆಯೊಡನೆ ಶಾಲೆ ಆರಂಭವಾಯಿತು. ನಗರವನ್ನು 18 ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ದಾದಿಯನ್ನೂ ಮೇಲ್ವಿಚಾರಕಿಯನ್ನೂ ನಿಯೋಜಿಸಲಾಯಿತು. 1887ರಲ್ಲಿ ವಿಕ್ಟೋರಿಯಾ ರಾಣಿಯ ಜ್ಯುಬಿಲಿ ನಿಧಿಯಿಂದ ಸ್ಥಾಪಿತವಾದ ಸಂಸ್ಥೆಯು ಈ ಕ್ರಮವನ್ನು ದೇಶವ್ಯಾಪಿಯಾಗಿಸಿತು. ಹಣ ಕೊಟ್ಟು ಸುಮ್ಮನಾಗದೆ ತರಬೇತಿಯನ್ನೂ ಮೇಲ್ವಿಚಾರಣೆಯನ್ನೂ ದಾನದ ಅಂಗವೆಂದು ಬಗೆದುದೇ ಈ ವರ್ತಕನ ಹೆಗ್ಗಳಿಕೆ.

ಅಳತೆಯ ಶಾಸ್ತ್ರ

ಆರೈಕೆಯ ಗುಣಮಟ್ಟವನ್ನು ಅಳೆಯುವ ಶಾಸ್ತ್ರಕ್ಕೆ ಸ್ಪಷ್ಟ ರೂಪ ಕೊಟ್ಟವನು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಅವೆಡಿಸ್ ಡೊನಬೇಡಿಯನ್. 1966ರ ತನ್ನ ಪ್ರಬಂಧದಲ್ಲಿ ಅವನು ಮೂರು ನೆಲೆಗಳನ್ನು ಗುರುತಿಸಿದನು: ಜನ ಮತ್ತು ಸಾಮಗ್ರಿಯ ವ್ಯವಸ್ಥೆ, ನಡೆಯುವ ಕ್ರಿಯೆ, ದೊರೆಯುವ ಫಲ. ಆರಾಧನಾ ಗ್ರಂಥದ ವಿಧಿಯನ್ನು ಈ ಮೂರರ ಪಕ್ಕದಲ್ಲಿಟ್ಟು ನೋಡಬಹುದು. ನಿರ್ಯಾಪಕರ ಸಂಖ್ಯೆ ಮತ್ತು ಅರ್ಹತೆ ವ್ಯವಸ್ಥೆ. ಹಂಚಿದ ಕೆಲಸಗಳು ಕ್ರಿಯೆ. ಕ್ಷಪಕನ ಸಮಾಧಿಯೇ ಫಲ.

ಇಂಗ್ಲೆಂಡಿನಲ್ಲಿ 2009ರಿಂದ ಕಾರ್ಯಪ್ರವೃತ್ತವಾದ ಆರೈಕೆ ಗುಣಮಟ್ಟ ಆಯೋಗವು ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳನ್ನೂ ಪರಿಶೀಲಿಸುತ್ತದೆ. ಸೇವೆಯು ಸುರಕ್ಷಿತವೇ, ಪರಿಣಾಮಕಾರಿಯೇ, ಕರುಣೆಯುಳ್ಳದ್ದೇ, ವ್ಯಕ್ತಿಯ ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಅದರ ಆಡಳಿತ ಸಮರ್ಪಕವೇ ಎಂಬ ಐದು ಪ್ರಶ್ನೆಗಳನ್ನು ಕೇಳಿ, ಬಂದ ನಿರ್ಣಯವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ.

ಭಾರತದಲ್ಲಿ 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯಿದೆಯು ದಾದಿಯರ ತರಬೇತಿಗೆ ಏಕರೂಪತೆಯನ್ನು ತಂದಿತು. 2007ರ ಕಾಯಿದೆಯು ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಕಾನೂನುಬದ್ಧ ಹೊಣೆಯಾಗಿಸಿತು. ಮನೆ-ಆರೈಕೆ ಸಂಸ್ಥೆಗಳ ನೋಂದಣಿಯನ್ನೂ ಒಳಗೊಂಡ ತಿದ್ದುಪಡಿ ಮಸೂದೆಯು 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದಿತಾದರೂ, ಅಂಗೀಕಾರವಾಗದೆಯೇ 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿಯಿತು. ಆದ್ದರಿಂದ ಪರೀಕ್ಷೆಯ ಹೊಣೆ ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುತ್ತದೆ.

ಅತಿಚಾರಗಳೆಂಬ ಕನ್ನಡಿ

ಈ ಪರೀಕ್ಷೆಗೆ ಶ್ರಾವಕನ ಕೈಯಲ್ಲಿ ಹಳೆಯದೊಂದು ಅಳತೆಗೋಲು ಇದೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಶುಗಳನ್ನೂ ಆಳುಗಳನ್ನೂ ಇಟ್ಟುಕೊಂಡ ಗೃಹಸ್ಥನಿಗೆ ಇವು ಎಚ್ಚರಿಕೆಯ ಮಾತುಗಳಾಗಿದ್ದವು. ಇಂದಿನ ರೋಗಿಯ ಕೋಣೆಯಲ್ಲಿ ನಿಂತು ಓದಿದರೆ ಅವು ಹೊಸ ಅರ್ಥವನ್ನು ಪಡೆಯುತ್ತವೆ.

ಮರೆವಿನ ರೋಗದಿಂದ ಅಲೆಯುವ ವೃದ್ಧೆಯನ್ನು ಮಂಚಕ್ಕೆ ಕಟ್ಟಿಹಾಕುವುದು ಬಂಧ. ಸ್ನಾನ ಮಾಡಿಸುವಾಗ ಗದರಿ ಹೊಡೆಯುವುದು ವಧ. ಆ ಪದಕ್ಕೆ ಇಲ್ಲಿ ಹೊಡೆತವೆಂದೇ ಅರ್ಥ. ಮಗ್ಗುಲು ಬದಲಿಸದೆ ಬಿಟ್ಟು ಬೆನ್ನಿನಲ್ಲಿ ಹುಣ್ಣಾಗಲು ಕಾರಣವಾಗುವುದನ್ನು ಛೇದದ ಸಾಲಿಗೆ ಸೇರಿಸಿದರೆ ತಪ್ಪಾಗಲಾರದು. ರಾತ್ರಿ ಹಾಸಿಗೆ ಒದ್ದೆಯಾದೀತೆಂದು ಸಂಜೆಯಿಂದ ನೀರನ್ನೇ ಕೊಡದಿರುವುದು ಅನ್ನಪಾನನಿರೋಧ.

ಕಡೆಯದನ್ನು ಜೈನ ಮನೆಗಳು ವಿಶೇಷವಾಗಿ ಚಿಂತಿಸಬೇಕು. ಸೂರ್ಯಾಸ್ತದ ನಂತರ ಆಹಾರಪಾನಗಳನ್ನು ತ್ಯಜಿಸುವುದು ವ್ರತ. ವ್ರತವು ಅರಿವಿನಿಂದ, ಸ್ವೇಚ್ಛೆಯಿಂದ ಸ್ವೀಕರಿಸಿದಾಗ ಮಾತ್ರ ವ್ರತ. ಹಿರಿಯರು ಅರಿವಿದ್ದಾಗ ಕೈಗೊಂಡ ನಿಯಮವನ್ನು ಆರೈಕೆದಾರರಿಗೆ ತಿಳಿಸಿ, ಹಗಲಿನಲ್ಲೇ ಸಾಕಷ್ಟು ಸೋಸಿದ ನೀರನ್ನೂ ಆಹಾರವನ್ನೂ ಕೊಡಿಸಿ, ಔಷಧದ ವೇಳೆಯನ್ನು ವೈದ್ಯರೊಡನೆ ಹೊಂದಿಸಿಕೊಳ್ಳುವುದು ಮನೆಯವರ ಕರ್ತವ್ಯ. ಆದರೆ ಬಾಯಾರಿ ನೀರು ಬೇಡುವ, ವ್ರತದ ನೆನಪೇ ಅಳಿದ ಜೀವಕ್ಕೆ ನಿಯಮದ ಹೆಸರಿನಲ್ಲಿ ನೀರನ್ನು ನಿರಾಕರಿಸಿದರೆ ಅದು ತಪಸ್ಸಾಗದು, ಅತಿಚಾರವಾಗುತ್ತದೆ.

ಅತಿಭಾರಾರೋಪಣದ ಕನ್ನಡಿಯಲ್ಲಿ ಕಾಣುವುದು ಯಜಮಾನನ ಮುಖವೇ. ಒಬ್ಬಳೇ ಹೆಂಗಸನ್ನು ಹಗಲಿರುಳು ಇರಿಸಿಕೊಂಡು, ನಿದ್ದೆಗೂ ಊಟಕ್ಕೂ ಬಿಡುವು ಕೊಡದೆ, ಅಡುಗೆ ಪಾತ್ರೆಗಳನ್ನೂ ಹೊರಿಸಿ, ಆಕೆಯಿಂದ ತಾಳ್ಮೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ನಿರ್ಯಾಪಕರು ಎರಡಕ್ಕಿಂತ ಕಡಿಮೆ ಇರಬಾರದೆಂಬ ವಿಧಿ ಇಲ್ಲಿಗೂ ಅನ್ವಯಿಸುತ್ತದೆ.

ವ್ಯಾಪಾರಸ್ಥರಿಗೆ ಪರಿಚಿತವಾದ ಅತಿಚಾರಗಳೂ ಇವೆ. ಕೊಡದ ಮಾತ್ರೆಯನ್ನು ಕೊಟ್ಟೆನೆಂದು ಬರೆಯುವುದು ಕೂಟಲೇಖಕ್ರಿಯೆ. ತರಬೇತಾದ ದಾದಿಯ ದರವನ್ನು ಪಡೆದು ತರಬೇತಿಯಿಲ್ಲದವರನ್ನು ಕಳುಹಿಸುವುದು ಪ್ರತಿರೂಪಕ ವ್ಯವಹಾರ. ತೂಕದಲ್ಲಿ ಮೋಸವಾದರೆ ಗಿರಾಕಿ ಅಂಗಡಿಗೆ ಮರಳಿ ಬಂದು ಕೇಳಬಲ್ಲ. ಹಾಸಿಗೆ ಹಿಡಿದವನು ಕೇಳಲಾರ. ಅವನ ಪರವಾಗಿ ಕೇಳುವವರು ಬೇಕು.

ಸಮಾಜದ ಹೊಣೆ

ಬಸದಿಯ ಟ್ರಸ್ಟುಗಳು ಈ ಕಾರ್ಯವನ್ನು ಕೈಗೊಳ್ಳಬಹುದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ನಿಧಿಗಳುಂಟು. ಮಾತನಾಡಲಾರದ ವೃದ್ಧರ ಮನೆಗೆ ಮುನ್ಸೂಚನೆಯಿಲ್ಲದೆ ಹೋಗಿ ಕುಶಲ ವಿಚಾರಿಸುವುದು ಅಭಯದಾನವೇ ಸರಿ. ಊರಿನ ಇಬ್ಬರು ಶ್ರಾವಿಕೆಯರು ವಾರಕ್ಕೊಮ್ಮೆ ಭೇಟಿಯಿತ್ತು ಹಾಸಿಗೆಯ ಶುಚಿ, ಬೆನ್ನಿನ ಚರ್ಮ, ನೀರಿನ ಪಾತ್ರೆ, ಔಷಧದ ಪಟ್ಟಿ ಇವನ್ನು ನೋಡಬಹುದು. ಹಿರಿಯರೊಡನೆ ಏಕಾಂತದಲ್ಲಿ ಎರಡು ಮಾತನಾಡಬಹುದು. ಬಳಿಕ ಆರೈಕೆದಾರಳಿಗೆ ಊಟವಾಯಿತೇ, ನಿದ್ದೆ ದೊರೆಯಿತೇ ಎಂದೂ ಕೇಳಬೇಕು. ಕಂಡುದನ್ನು ದೂರವಿರುವ ಮಕ್ಕಳಿಗೆ ಮರೆಮಾಚದೆ ತಿಳಿಸಬೇಕು.

ಸಮಂತಭದ್ರಾಚಾರ್ಯರು ವೈಯಾವೃತ್ತ್ಯದ ಐದು ಅತಿಚಾರಗಳಲ್ಲಿ ಅನಾದರ ಮತ್ತು ಅಸ್ಮರಣಗಳನ್ನು ಎಣಿಸಿದ್ದಾರೆ. ಮುನಿಗಳಿಗೆ ನೀಡುವ ದಾನದ ಸಂದರ್ಭದಲ್ಲಿ ಬಂದ ಮಾತುಗಳಿವು. ಮನೆಯ ಹಿರಿಯರ ವಿಷಯದಲ್ಲಿಯೂ ಇವೆರಡೇ ಉಳಿದೆಲ್ಲ ದೋಷಗಳ ಬೇರು. ಆರೈಕೆದಾರರನ್ನು ನೇಮಿಸಿ, ತಿಂಗಳ ಹಣ ಕಳುಹಿಸಿ, ಮರೆತುಬಿಡುವುದು ಅಸ್ಮರಣ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು; ನೆನಪನ್ನು ಮಾತ್ರ ವಹಿಸಲಾಗದು ಎಂಬುದನ್ನು ಶ್ರಾವಕ ಕುಟುಂಬಗಳು ಮನಗಾಣಬೇಕು.